ಬದುಕಿದವರು ಕಾಣುವುದಿಲ್ಲ: ಎಚ್‌ಐವಿ ಪರೀಕ್ಷೆಯನ್ನು ಜನ ಯಾಕೆ ಮುಂದೂಡುತ್ತಾರೆ?

"ಜ್ವರ ಅಂತ ಆಸ್ಪತ್ರೆಗೆ ಹೋದ. ರಕ್ತ ನೋಡಿದರು. ಆ ಕಾಯಿಲೆ ಅಂದರು. ಮೂರು ತಿಂಗಳಲ್ಲಿ ಹೋದ."

ಕುಮಟಾ, ಹೊನ್ನಾವರ, ಅಂಕೋಲೆ ಕಡೆ ಬೆಳೆದ ನನ್ನ ವಯಸ್ಸಿನವರೆಲ್ಲ ಇಂಥ ಮಾತನ್ನು ಒಮ್ಮೆಯಾದರೂ ಕೇಳಿದ್ದೇವೆ. ಮದುವೆ ಮನೆಯ ಚಪ್ಪರದಲ್ಲಿ, ಮೀನು ಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ದನಿ ತಗ್ಗಿಸಿ ಹೇಳುವ ಮಾತು ಇದು. ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಅದು' ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಆ ನಾಲ್ಕು ವಾಕ್ಯಗಳಲ್ಲಿ ಸುಳ್ಳು ಒಂದೂ ಇಲ್ಲದಿರಬಹುದು. ಆದರೂ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ತಪ್ಪು ಲೆಕ್ಕ. ರಕ್ತ ನೋಡಿದರು, ಅದಕ್ಕೇ ಹೋದ.

ಜನ ಎಚ್‌ಐವಿ ಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡುವುದು ನೋಡಿದಾಗ, 'ಅರಿವಿಲ್ಲ ಪಾಪ' ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎಚ್‌ಐವಿಯ ಹೆಸರು ಕೇಳದವರು ಸಿಗುವುದು ಕಷ್ಟ. ಡಿಸೆಂಬರ್ 1 ಬಂತೆಂದರೆ ಕಾಲೇಜು ಮಕ್ಕಳು ಕೆಂಪು ರಿಬ್ಬನ್ ಚುಚ್ಚಿಕೊಂಡು ಜಾಥಾ ಹೊರಡುತ್ತಾರೆ. ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಸೊಳ್ಳೆಯಿಂದ ಬರುವುದಿಲ್ಲ ಅಂತ ಶಾಲೆಯ ಹುಡುಗರೂ ಹೇಳುತ್ತಾರೆ. ಜನರಿಗೆ ಈ ಕಾಯಿಲೆ ಗೊತ್ತು. ಆದರೆ ಗೊತ್ತಿರುವುದು 25 ವರ್ಷದ ಹಿಂದಿನ ಕಾಯಿಲೆ.

ಆ ತಪ್ಪು ಲೆಕ್ಕ ಹುಟ್ಟುವುದು ಹೇಗೆ ಅಂತ ತಿಳಿಯಬೇಕಾದರೆ ವೈರಸ್ಸಿನ ನಡೆ ಸ್ವಲ್ಪ ಗೊತ್ತಿರಬೇಕು. ಸೋಂಕು ತಗಲಿದ ಎರಡರಿಂದ ನಾಲ್ಕು ವಾರದಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬರುತ್ತದೆ. ಮಳೆಯಲ್ಲಿ ನೆನೆದಾಗ ಬರುವ ಜ್ವರದ ಹಾಗೇ ಇರುತ್ತದೆ. ಕೆಲವರಿಗೆ ಅದೂ ಇಲ್ಲ. ಕೆಲವು ದಿನದಲ್ಲಿ ಎಲ್ಲ ಸರಿಹೋಗುತ್ತದೆ. ಆಮೇಲೆ ಔಷಧಿ ಇಲ್ಲದಿದ್ದರೂ ಸರಾಸರಿ ಎಂಟರಿಂದ ಹತ್ತು ವರ್ಷ ಹೊರಗೆ ಏನೂ ಕಾಣದೆ ಇರಬಹುದು. ಆ ವರ್ಷಗಳಲ್ಲಿ ಮನುಷ್ಯ ಬೋಟಿಗೆ ಹೋಗುತ್ತಾನೆ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುತ್ತಾನೆ, ಗೋವಾಕ್ಕೆ ಕೆಲಸಕ್ಕೆ ಹೋಗಿ ಬರುತ್ತಾನೆ. ಮೈ ಗಟ್ಟಿಯಾಗಿಯೇ ಇರುತ್ತದೆ.

ಒಳಗೆ ಮಾತ್ರ ಒರಲೆ ಹಿಡಿದ ತೊಲೆಯ ಕತೆ. ನಮ್ಮ ರಕ್ತದಲ್ಲಿ ಸಿಡಿ4 ಎಂಬ ಕಣಗಳಿವೆ. ಯಾವ ರೋಗಾಣು ನುಗ್ಗಿದರೂ ಉಳಿದ ಕಾವಲು ಕಣಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಇವೇ. ಎಚ್‌ಐವಿ ಹೋಗಿ ಕೂರುವುದು ಇದೇ ಕಣಗಳೊಳಗೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಇವು 500ಕ್ಕಿಂತ ಜಾಸ್ತಿ ಇರುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ವರ್ಷಕ್ಕೆ ಸುಮಾರು 50ರಿಂದ 100ರಂತೆ ಇಳಿಯುತ್ತ ಹೋಗುತ್ತವೆ. 350ಕ್ಕಿಂತ ಕೆಳಗೆ ಬಂದ ಮೇಲೆ ಸೋಂಕು ಗೊತ್ತಾದರೆ ಅದನ್ನು ತಡವಾದ ಪತ್ತೆ ಅನ್ನುತ್ತಾರೆ. 200ಕ್ಕಿಂತ ಕೆಳಗಿಳಿದರೆ ಮುಂದುವರಿದ ಹಂತ. ಏಡ್ಸ್ ಅನ್ನುವುದು ಈ ಹಂತಕ್ಕೆ. ಎಚ್‌ಐವಿ ಇದ್ದವರಿಗೆಲ್ಲ ಏಡ್ಸ್ ಇರುವುದಿಲ್ಲ. ಬೇಗ ಔಷಧಿ ಹಿಡಿದವರು ಆ ಹಂತ ಮುಟ್ಟದೆಯೇ ಬಾಳಬಹುದು.

ಈಗ ಆ ಮೂರು ತಿಂಗಳ ಕತೆಗೆ ಬರೋಣ. ಆತ ಜ್ವರ ಅಂತ ಆಸ್ಪತ್ರೆಗೆ ಹೋದಾಗ ಸೋಂಕು ತಗಲಿ ಹತ್ತು ವರ್ಷವಾಗಿರುತ್ತದೆ. ಸಿಡಿ4 ಐವತ್ತಕ್ಕೋ ಅರವತ್ತಕ್ಕೋ ಇಳಿದಿರುತ್ತದೆ. ಜ್ವರದ ಹಿಂದೆ ಟಿಬಿ ಇರುತ್ತದೆ, ಇಲ್ಲವೇ ಮಿದುಳಿನ ಪೊರೆಗೆ ಹತ್ತಿದ ಸೋಂಕು. ಎಚ್‌ಐವಿ ಇದ್ದವರನ್ನು ಹೆಚ್ಚು ಬಲಿ ತೆಗೆದುಕೊಳ್ಳುವುದು ಟಿಬಿಯೇ. ಇಷ್ಟು ತಡವಾಗಿ ಬಂದವರಿಗೆ ಔಷಧಿ ಶುರು ಮಾಡಿದಾಗಲೂ ಒಂದು ಅಪಾಯ ಇದೆ. ಅಷ್ಟು ದಿನ ಸೋತು ಮಲಗಿದ್ದ ರೋಗನಿರೋಧಕ ಶಕ್ತಿ ಎಚ್ಚರಗೊಂಡು, ಒಳಗೆ ಅಡಗಿದ್ದ ಟಿಬಿಯ ಮೇಲೆ ಒಮ್ಮೆಲೇ ಮುಗಿಬೀಳುತ್ತದೆ. ಜ್ವರ ಏರುತ್ತದೆ, ಗಡ್ಡೆಗಳು ಊದಿಕೊಳ್ಳುತ್ತವೆ. ವೈದ್ಯರಿಗೆ ಇದು ಗೊತ್ತು, ಸಂಭಾಳಿಸುವ ದಾರಿಯೂ ಇದೆ. ಆದರೂ ಕೆಲವರು ಉಳಿಯುವುದಿಲ್ಲ. ಆಗ ಮನೆಯವರು ಏನು ನೋಡುತ್ತಾರೆ? ಮಾತ್ರೆ ಶುರು ಮಾಡಿದ ಮೇಲೆ ಮೈ ಮತ್ತೂ ಕೆಟ್ಟಿತು. ಊರಿಗೆ ಹೋಗುವ ಸುದ್ದಿ ಅದೇ.

ಇನ್ನೊಬ್ಬರನ್ನು ನೆನೆಯಿರಿ. ಅದೇ ಊರಿನವರು, ಅದೇ ವರ್ಷ ಸೋಂಕು ತಗಲಿದವರು. ಅವರು ಬೇಗ ಪರೀಕ್ಷೆ ಮಾಡಿಸಿದರು. ದಿನಾ ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ ನುಂಗುತ್ತಾರೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ. ಮಕ್ಕಳ ಶಾಲೆ, ಸೊಸೈಟಿಯ ಸಾಲ, ಗಣೇಶ ಚೌತಿ, ಎಲ್ಲವೂ ಎಲ್ಲರ ಹಾಗೇ. ಅವರ ವಿಷಯ ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಗೊತ್ತಾಗುವಂಥದ್ದು ಏನೂ ನಡೆಯಲಿಲ್ಲ. ನೀವು ನಿನ್ನೆ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದಿರಬಹುದು. ಭಾರತದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ನಿಮಗೆ ಎಷ್ಟು ಜನ ಗೊತ್ತು? ಹೀಗೆ ಊರಿನ ನೆನಪಿನಲ್ಲಿ ಸತ್ತವರು ಮಾತ್ರ ಉಳಿಯುತ್ತಾರೆ, ಬದುಕಿದವರು ಕಾಣುವುದೇ ಇಲ್ಲ. ತಡ ಮಾಡಿದವರ ಸಾವು ನೋಡಿ ಮತ್ತೊಬ್ಬರು ತಡ ಮಾಡುತ್ತಾರೆ. ಪರೀಕ್ಷೆಯನ್ನು ಮುಂದೂಡುವ ಕಾರಣಗಳಲ್ಲಿ ನನಗೆ ಅತಿ ದೊಡ್ಡದು ಅನ್ನಿಸುವುದು ಇದು.

ಹಾಗಂತ ಜನರ ಹೆದರಿಕೆಗೆ ಆಧಾರ ಇರಲೇ ಇಲ್ಲ ಅಂತಲ್ಲ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಮುಂದಿನ ಎಷ್ಟೋ ವರ್ಷ ಪರೀಕ್ಷೆ ಮಾಡಿಸಿದರೂ ಬಡವರಿಗೆ ಸಿಗುವಂಥ ಔಷಧಿ ಇರಲಿಲ್ಲ. ಸರ್ಕಾರ ಉಚಿತವಾಗಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆಗಲೂ ಎಲ್ಲರಿಗೂ ಕೂಡಲೇ ಕೊಡುತ್ತಿರಲಿಲ್ಲ. ಸಿಡಿ4 200ಕ್ಕೆ ಇಳಿಯಲಿ ಅಂತ ಕಾಯಬೇಕಿತ್ತು. ಆಮೇಲೆ ಆ ಗೆರೆ 350ಕ್ಕೆ ಏರಿತು. ಅಂದರೆ ಧೈರ್ಯ ಮಾಡಿ ಬೇಗ ಪರೀಕ್ಷೆಗೆ ಹೋದವರಿಗೆ ಸಿಗುತ್ತಿದ್ದ ಉತ್ತರ ಇಷ್ಟೇ: ನಿಮಗೆ ಸೋಂಕು ಇದೆ, ಔಷಧಿ ಈಗ ಬೇಡ, ಆರು ತಿಂಗಳು ಬಿಟ್ಟು ಬನ್ನಿ. ಗೊತ್ತು ಮಾಡಿಕೊಂಡು ಏನು ಸಿಕ್ಕಿತು? ನಿದ್ದೆ ಹೋಯಿತು ಅಷ್ಟೇ. ಅಂದಿನ ಲೆಕ್ಕದಲ್ಲಿ ಮುಂದೂಡಿದವರನ್ನು ದಡ್ಡರು ಅಂತ ನಾನು ಕರೆಯಲಾರೆ.

2015ರಲ್ಲಿ ಆ ಲೆಕ್ಕ ಬದಲಾಯಿತು. 35 ದೇಶಗಳ 4,685 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಸಿಡಿ4 ಇನ್ನೂ 500ಕ್ಕಿಂತ ಜಾಸ್ತಿ ಇರುವಾಗಲೇ ಔಷಧಿ ಹಿಡಿದವರಲ್ಲಿ, ಕಾದು ಶುರು ಮಾಡಿದವರಿಗಿಂತ ಗಂಭೀರ ಕಾಯಿಲೆ ಮತ್ತು ಸಾವು ಶೇಕಡಾ 57ರಷ್ಟು ಕಡಿಮೆ ಇತ್ತು. ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಕೊಳೆ ರೋಗ ಬಿದ್ದು ಕಾಯಿ ಉದುರಲಿ, ಆಮೇಲೆ ಔಷಧಿ ಹೊಡೆಯೋಣ ಅಂತ ಯಾರೂ ಕೂರುವುದಿಲ್ಲ. ಮಳೆ ಹಿಡಿಯುವ ಮೊದಲೇ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲಸಿ, ಹಸಿರು ಕೊನೆಗೇ ಹೊಡೆದು ಮುಗಿಸುತ್ತಾರೆ. ಭಾರತ ಸರ್ಕಾರವೂ 2017ರಲ್ಲಿ ನಿಯಮ ಬದಲಿಸಿತು. ಈಗ ಸೋಂಕು ಖಚಿತವಾದರೆ ಸಿಡಿ4 ಎಷ್ಟೇ ಇರಲಿ, ಔಷಧಿ ಶುರು. ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೆ ಒಮ್ಮೆ, ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಉಚಿತ. ಈ ಸುದ್ದಿ ಚಹಾದಂಗಡಿಯವರೆಗೆ ಇನ್ನೂ ಬಂದಿಲ್ಲ. ಅದೇ ನನ್ನ ಸಂಕಟ.

ಸುದ್ದಿ ಬಂದರೂ ದಾಟಬೇಕಾದದ್ದು ಒಂದು ಬೆಂಚು. ಇದನ್ನು ನಾನೇ ಕೂತು ಕಲಿತದ್ದು. ಕೆಲವು ವರ್ಷದ ಹಿಂದೆ ಕರಾವಳಿಯ ಒಂದು ಸರ್ಕಾರಿ ಆಸ್ಪತ್ರೆಗೆ ಪರೀಕ್ಷೆಗೆ ಹೋಗಿದ್ದೆ. ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರ) ಎಂದು ಬರೆದ ಕೋಣೆ, ಬಾಗಿಲ ಮೇಲೆ ಕೆಂಪು ರಿಬ್ಬನ್ನಿನ ಚಿತ್ರ, ಹೊರಗೆ ಉದ್ದದ ಬೆಂಚು. ಬೆಂಚಿನ ಎದುರೇ ಔಷಧಿ ಕೊಡುವ ಕಿಟಕಿ. ಊರಿನ ಅರ್ಧ ಜನ ಅಲ್ಲಿ ಸಾಲು ನಿಂತಿದ್ದರು. ಕೂತು ಐದು ನಿಮಿಷ ಆಗಿರಲಿಲ್ಲ, ಪರಿಚಯದವರೊಬ್ಬರು ಬಂದು "ಎಂತ ಮಾರಾಯ, ಇಲ್ಲಿ?" ಅಂದರು. ನಾನು "ಸುಮ್ನೆ, ಶುಗರ್ ನೋಡ್ಸಕ್ಕೆ" ಅಂದೆ. ಅವರು ಬಾಗಿಲ ಮೇಲಿನ ಚಿತ್ರ ನೋಡಿದರು, ನನ್ನನ್ನು ನೋಡಿದರು, ಸುಮ್ಮನೆ ಹೋದರು. ನನಗೆ ಎಚ್‌ಐವಿ ಬಗ್ಗೆ ಓದಿ ಗೊತ್ತಿತ್ತು, ಕಾನೂನು ಗೊತ್ತಿತ್ತು. ಆದರೂ ಬಾಯಿಗೆ ಬಂದದ್ದು ಸುಳ್ಳು. ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ವೈರಸ್ಸಿಗೆ ಹೆದರಿ ಅಲ್ಲ, ಆ ಒಂದು ನೋಟಕ್ಕೆ.

ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಯಾರು ಯಾರನ್ನೂ ಗುರುತಿಸುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಚೀಟಿ ಬರೆಯುವವರು ಅತ್ತೆಯ ಊರಿನವರು, ಲ್ಯಾಬಿನ ಹುಡುಗ ತಮ್ಮನ ಕ್ಲಾಸ್‌ಮೇಟು, ಸಿಸ್ಟರ್ ಪಕ್ಕದ ಕೇರಿಯವರು. 'ನೀವು ಯಾರ ಮನೆಯವರು?' ಅನ್ನುವುದು ನಮ್ಮ ಕಡೆ ಪ್ರೀತಿಯ ಪ್ರಶ್ನೆ. ಆ ಬೆಂಚಿನ ಮೇಲೆ ಅದೇ ಪ್ರಶ್ನೆ ಗಂಟಲು ಒಣಗಿಸುತ್ತದೆ. ಹಾಗಾಗಿ ಎಷ್ಟೋ ಜನ ಹತ್ತಿರದ ಆಸ್ಪತ್ರೆ ಬಿಟ್ಟು ಹುಬ್ಬಳ್ಳಿ, ಮಂಗಳೂರು, ಗೋವಾ ಅಂತ ಯೋಚಿಸುತ್ತಾರೆ. ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮನೆಯಲ್ಲಿ ಹೇಳಲು ಒಂದು ನೆಪ. ಮೂರೂ ಒಟ್ಟಿಗೆ ಕೂಡಿಬರುವ ದಿನಕ್ಕೆ ಕಾಯುತ್ತಾ ವರ್ಷ ಕಳೆಯುತ್ತದೆ. ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರಲೂ ಸುಮಾರು 60 ಕಿಲೋಮೀಟರ್. ಜೋಯ್ಡಾದ ಕಾಡೊಳಗಿನ ಹಳ್ಳಿಯವರ ಪಾಡು ಇನ್ನೂ ಕಷ್ಟ.

ಆ ದಿನ ನನ್ನ ಜೊತೆ ಬೆಂಚಿನಲ್ಲಿ ಕೂತವರು ಯಾರು ಅಂತ ಆಮೇಲೆ ಗಮನಿಸಿದೆ. ಮೂವರು ಬಸುರಿಯರು, ಕೈಯಲ್ಲಿ ತಾಯಿ ಕಾರ್ಡ್. ಟಿಬಿ ಚಿಕಿತ್ಸೆಗೆ ಬಂದ ಒಬ್ಬ ಅಜ್ಜ. ಆಪರೇಷನ್ನಿಗೆ ಮೊದಲು ಎಲ್ಲ ಪರೀಕ್ಷೆ ಆಗಬೇಕು ಅಂತ ಬಂದ ಒಬ್ಬರು. ಎಲ್ಲ ಗರ್ಭಿಣಿಯರಿಗೂ, ಎಲ್ಲ ಟಿಬಿ ರೋಗಿಗಳಿಗೂ ಎಚ್‌ಐವಿ ಪರೀಕ್ಷೆ ಮಾಡಿಸಲು ಹೇಳುವುದು ನಮ್ಮ ದೇಶದ ನಿಯಮ. ಆ ಬೆಂಚು ಯಾರ ನಡತೆಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಆದರೆ ಕೋಣೆಯ ಬಾಗಿಲನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಇಡುವವರು ಆ ನೋಟದ ಭಾರ ಎಷ್ಟು ಅಂತ ಒಮ್ಮೆ ಕೂತು ನೋಡಬೇಕು.

ಗರ್ಭಿಣಿಯರ ಮಾತು ಬಂತು. ಹೆಂಡತಿಗೆ ಬಸುರಿಯಲ್ಲಿ ಪರೀಕ್ಷೆ ಆಗುತ್ತದೆ, ಗಂಡನಿಗೆ ಹಾಗೆ ತಾನಾಗಿ ಪರೀಕ್ಷೆ ಆಗುವ ಸಂದರ್ಭವೇ ಇಲ್ಲ. ಹೀಗಾಗಿ ಸೋಂಕು ಗಂಡನಿಂದ ಬಂದಿದ್ದರೂ ಎಷ್ಟೋ ಮನೆಗಳಲ್ಲಿ ಅದು ಮೊದಲು ಗೊತ್ತಾಗುವುದು ಹೆಂಡತಿಯ ರಕ್ತದಲ್ಲಿ. ಮೊದಲು ಗೊತ್ತಾದವರೇ ತಂದವರು ಅನ್ನುವ ಅನ್ಯಾಯದ ತೀರ್ಪು ಅಲ್ಲೇ ಹುಟ್ಟುತ್ತದೆ. ಇದನ್ನು ನೋಡಿದ ಹೆಣ್ಣುಮಕ್ಕಳು ಪರೀಕ್ಷೆಗೆ ಹಿಂಜರಿದರೆ ತಪ್ಪು ಯಾರದ್ದು? ಅದೇ ಹೊತ್ತಿಗೆ ಆ ಪರೀಕ್ಷೆ ಕೊಡುವ ಫಲ ಮಾತ್ರ ತುಂಬ ದೊಡ್ಡದು. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇಕಡಾ 15ರಿಂದ 45. ಔಷಧಿ ಸರಿಯಾಗಿ ಸಿಕ್ಕರೆ ಶೇಕಡಾ 5ಕ್ಕಿಂತ ಕಡಿಮೆ.

ಇನ್ನು ಕೆಲವರು ಮುಂದೂಡುವುದು ಮನೆಯ ಮೇಲಿನ ಪ್ರೀತಿಯಿಂದ. 'ಮಗಳ ಮದುವೆ ಒಂದು ಮುಗಿಯಲಿ' ಅನ್ನುವ ಅಪ್ಪನನ್ನು ನೆನೆಯಿರಿ. ಆತನಿಗೆ ಒಳಗೊಳಗೇ ಅನುಮಾನ ಇದೆ. ಗೊತ್ತಾದರೆ ಸುದ್ದಿ ಹಬ್ಬಬಹುದು, ಸಂಬಂಧ ತಪ್ಪಬಹುದು. ಗೊತ್ತಾಗದಿದ್ದರೆ ಕೆಡುವುದು ತನ್ನ ಮೈ ಮಾತ್ರ ಅಂದುಕೊಳ್ಳುತ್ತಾನೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಎರಡು ವರ್ಷ ಕಳೆಯುತ್ತಾನೆ. ಅಷ್ಟರಲ್ಲಿ ಹೆಂಡತಿಗೂ ಸೋಂಕು ತಗಲಿರಬಹುದು ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಭಟ್ಕಳ, ಹೊನ್ನಾವರದ ಕಡೆ ಇನ್ನೊಂದು ಲೆಕ್ಕ ಇದೆ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ವೀಸಾ ಬೇಕಾದರೆ ಮೆಡಿಕಲ್ ಆಗಬೇಕು, ಅದರಲ್ಲಿ ಎಚ್‌ಐವಿ ಪರೀಕ್ಷೆಯೂ ಸೇರಿದೆ. ಸೋಂಕು ಇದೆ ಅಂದರೆ 'ಅನ್‌ಫಿಟ್'. ಅಲ್ಲಿರುವಾಗ ವೀಸಾ ನವೀಕರಣದ ಹೊತ್ತಿಗೆ ಗೊತ್ತಾದರೆ ವಾಪಸ್ ಕಳಿಸುವುದೂ ಉಂಟು. ಇಡೀ ಮನೆಯ ಅನ್ನ ಒಂದು ವೀಸಾದ ಮೇಲೆ ನಿಂತಿರುವಾಗ ಆ ಹುಡುಗನಿಗೆ ಪರೀಕ್ಷೆ ಅಂದರೆ ಆರೋಗ್ಯ ಅಲ್ಲ, ಕೆಲಸ ಕಿತ್ತುಕೊಳ್ಳುವ ಯಂತ್ರ. ರಜೆಗೆ ಊರಿಗೆ ಬಂದಾಗಲೂ ಆತ ಆ ಕೋಣೆಯ ಹತ್ತಿರ ಸುಳಿಯುವುದಿಲ್ಲ. ಈ ನಿಯಮ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಊರಿನಲ್ಲಿ ಮಾಡಿಸುವ ಪರೀಕ್ಷೆಯೇ ಬೇರೆ, ಅಲ್ಲಿನದೇ ಬೇರೆ. ಇಲ್ಲಿನ ಫಲಿತಾಂಶವನ್ನು ವೀಸಾ ಕಚೇರಿಗೆ ಕಳಿಸುವುದಿಲ್ಲ.

ಬೋಟಿನವರ ತೊಂದರೆ ಬೇರೆ. ಮೀನುಗಾರಿಕೆ ನಡೆಯುವಾಗ ಕಾರವಾರದ ಬೈತಖೋಲದಿಂದಲೋ ತದಡಿಯಿಂದಲೋ ಹೊರಟರೆ ಎಷ್ಟೋ ದಿನ ನೀರಿನ ಮೇಲೆ. ದಡಕ್ಕೆ ಬಂದ ದಿನ ಆಸ್ಪತ್ರೆಯ ಸಮಯ ಮುಗಿದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧವೇ ಇವರಿಗೆ ಸಿಗುವ ಬಿಡುವು. ಬಲೆ ಹೆಣೆಯುವ ಆ ದಿನಗಳಲ್ಲಿ ಬಂದರಿನ ಹತ್ತಿರವೇ ಪರೀಕ್ಷೆಯ ಶಿಬಿರ ನಡೆದರೆ, ಶುಗರ್, ಬಿಪಿಯ ಜೊತೆಗೇ ಇದನ್ನೂ ನೋಡಿದರೆ, ಯಾರೂ ಯಾರಿಗೂ ನೆಪ ಹೇಳಬೇಕಾಗಿಲ್ಲ.

ಇಷ್ಟು ಹೊತ್ತು ಜನ ಮಾಡುವ ತಡ ಹೇಳಿದೆ. ತಡದ ಇನ್ನೊಂದು ದೊಡ್ಡ ಪಾಲು ಚಿಕಿತ್ಸೆ ಕೊಡುವವರದ್ದು. ನಮ್ಮ ಜಿಲ್ಲೆಯಲ್ಲಿ ಜ್ವರ ಅಂದರೆ ಮೊದಲು ನೆನಪಾಗುವುದು ಡೆಂಗಿ, ಇಲಿಜ್ವರ. ಸಿದ್ದಾಪುರದ ಕಡೆಯಾದರೆ ಮಂಗನ ಕಾಯಿಲೆ. ಅವನ್ನು ನೋಡಲೇಬೇಕು, ತಪ್ಪಿಲ್ಲ. ಆದರೆ ಅವೆಲ್ಲ ಅಲ್ಲ ಅಂತಾದ ಮೇಲೂ, ತಿಂಗಳಾನುಗಟ್ಟಲೆ ಜ್ವರ, ಭೇದಿ, ಇಳಿಯುತ್ತಿರುವ ತೂಕ ಇದ್ದರೂ 'ಎಚ್‌ಐವಿ ಒಮ್ಮೆ ನೋಡೋಣ' ಅನ್ನುವ ಮಾತು ಬರುವುದಿಲ್ಲ. ಯಾಕೆ? ಕುಟುಂಬದ ಡಾಕ್ಟರಿಗೆ ಈತನ ಅಪ್ಪ, ಅಜ್ಜ ಎಲ್ಲ ಗೊತ್ತು. ಆ ಪರೀಕ್ಷೆ ಬರೆದರೆ ಮರ್ಯಾದೆ ತೆಗೆದ ಹಾಗೆ ಆಗುತ್ತದೆ ಅನ್ನುವ ಸಂಕೋಚ. ಒಳ್ಳೆಯ ಮನೆಯವರು, ಮೇಷ್ಟ್ರು, ಭಟ್ರು, ಇವರಿಗೆಲ್ಲಿ ಅದು? ರೋಗಿ ಬಾಯಿಬಿಡುವುದಿಲ್ಲ, ಡಾಕ್ಟರು ಕೇಳುವುದಿಲ್ಲ. ನಡುವೆ ಸಿಡಿ4 ಇಳಿಯುತ್ತ ಹೋಗುತ್ತದೆ.

ಸರ್ಪಸುತ್ತಿನ ವಿಷಯ ಇಲ್ಲಿ ಹೇಳಲೇಬೇಕು. ಸೊಂಟದ ಸುತ್ತ, ಎದೆಯ ಒಂದು ಪಕ್ಕ ಸಾಲಾಗಿ ಉರಿಯುವ ಗುಳ್ಳೆ ಎದ್ದರೆ ನಮ್ಮಲ್ಲಿ ನಾಗನ ದೋಷ ಅನ್ನುತ್ತಾರೆ. ನಾಟಿ ಔಷಧಿ ಹಚ್ಚುತ್ತಾರೆ, ನಾಗನಿಗೆ ಹಾಲೆರೆಯುತ್ತಾರೆ. ಅದು ನಿಜವಾಗಿ ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್ ಕಾಯಿಲೆಯ ವೈರಸ್ಸೇ. ನರದಲ್ಲಿ ಅಡಗಿ ಕೂತದ್ದು, ದೇಹದ ಕಾವಲು ಸಡಿಲವಾದಾಗ ಮತ್ತೆ ಎದ್ದು ಬರುತ್ತದೆ. ವಯಸ್ಸಾದವರಿಗೆ ಅದು ಸಾಮಾನ್ಯ, ಎಚ್‌ಐವಿಗೂ ಅದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಆದರೆ ಮೂವತ್ತರ ಹುಡುಗನಿಗೆ ಸರ್ಪಸುತ್ತು ಬಂದರೆ ಒಮ್ಮೆ ರಕ್ತ ನೋಡಬೇಕು. ನಾಲಿಗೆಯ ಮೇಲೆ ಕೆರೆದರೂ ಮತ್ತೆ ಬರುವ ಬಿಳಿ ಪದರ, ಟಿಬಿ, ಮತ್ತೆ ಮತ್ತೆ ಬರುವ ನ್ಯುಮೋನಿಯಾ ಇವೂ ಹಾಗೇ. ಗುಳ್ಳೆ ಎರಡು ಮೂರು ವಾರದಲ್ಲಿ ತಾನಾಗಿ ಒಣಗುತ್ತದೆ. ಮದ್ದು ಹಿಡಿಯಿತು ಅಂತ ಎಲ್ಲರಿಗೂ ಸಮಾಧಾನ. ದೇಹ ಕೊಟ್ಟ ಸುಳಿವು ಅಲ್ಲಿಗೆ ಕೈತಪ್ಪುತ್ತದೆ.

'ನಾವು ಅಂಥವರಲ್ಲ' ಅನ್ನುವ ಮಾತಿನ ಬೇರು ಹಳೆಯ ಪ್ರಚಾರದಲ್ಲೂ ಇದೆ. ನಾನು ಶಾಲೆಗೆ ಹೋಗುವಾಗ ಗೋಡೆಯ ಮೇಲೆ ತಲೆಬುರುಡೆಯ ಚಿತ್ರ, ಕೆಳಗೆ ಎಚ್ಚರಿಕೆ. ಲಾರಿ ಚಾಲಕರು, ಲೈಂಗಿಕ ಕಾರ್ಯಕರ್ತೆಯರು ಇವರ ಹೆಸರೇ ಮತ್ತೆ ಮತ್ತೆ. ಅಪಾಯ ಹೆಚ್ಚಿರುವ ಕಡೆ ಕೆಲಸ ಮಾಡಿದ್ದು ಸರಿಯೇ, ಅದರಿಂದ ಸಾವಿರಾರು ಜೀವ ಉಳಿದಿವೆ. ಆದರೆ ಉಳಿದ ಜನ ಅದರಿಂದ ಕಲಿತ ಪಾಠ ಬೇರೆ: ಇದು ಅವರ ಕಾಯಿಲೆ, ನಮ್ಮದಲ್ಲ. ಹೀಗಾಗಿ ಪರೀಕ್ಷೆ ಮಾಡಿಸುವುದೆಂದರೆ ತಪ್ಪು ಒಪ್ಪಿಕೊಂಡ ಹಾಗೆ ಆಯಿತು. ಗಂಡಸರನ್ನು ಪ್ರೀತಿಸುವ ಗಂಡಸರಿಗೆ ಇದು ಇನ್ನೂ ಕಷ್ಟ. ಕೌನ್ಸೆಲರ್ 'ಹೇಗೆ ಬಂದಿರಬಹುದು?' ಅಂತ ಕೇಳಿದರೆ ಎರಡು ಗುಟ್ಟು ಒಟ್ಟಿಗೆ ಹೇಳಬೇಕು. ಅಂಥ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದೇ 2018ರಲ್ಲಿ.

ಪರೀಕ್ಷೆ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ. ತಾಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಇದೆ. ಮೊದಲು ಕೌನ್ಸೆಲರ್ ಒಳಗೆ ಕರೆದು, ಬಾಗಿಲು ಹಾಕಿ ಮಾತಾಡುತ್ತಾರೆ. ನಿಮ್ಮ ಒಪ್ಪಿಗೆ ಕೇಳುತ್ತಾರೆ. ಸ್ವಲ್ಪ ರಕ್ತ ತೆಗೆದು ಕಿಟ್ಟಿಗೆ ಹಾಕಿದರೆ ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ. ಮೊದಲ ಕಿಟ್ಟಿನಲ್ಲಿ ಸೋಂಕು ಕಂಡರೂ ಅದೇ ಕೊನೆಯ ಮಾತಲ್ಲ. ಬೇರೆ ಬೇರೆ ಬಗೆಯ ಮೂರು ಕಿಟ್ಟುಗಳಲ್ಲೂ ಕಂಡರೆ ಮಾತ್ರ ಪಾಸಿಟಿವ್ ಅನ್ನುತ್ತಾರೆ. ಖಾಸಗಿ ಲ್ಯಾಬಿನಲ್ಲಿ ಒಂದೇ ಪರೀಕ್ಷೆಯ ಚೀಟಿ ಹಿಡಿದು, ಅದೇ ಕೊನೆ ಅಂತ ಎದೆಯೊಡೆದುಕೊಂಡವರು ಮೊದಲು ಐಸಿಟಿಸಿಗೆ ಹೋಗಿ ಖಚಿತ ಮಾಡಿಕೊಳ್ಳಬೇಕು. ಇನ್ನೊಂದು ಮಾತು. ಈ ಕಿಟ್ಟುಗಳು ಹುಡುಕುವುದು ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಹುಟ್ಟಲು ಸಮಯ ಬೇಕು. ಹೋದ ವಾರ ಏನೋ ಆಗಿದ್ದರೆ ಇಂದಿನ 'ನೆಗೆಟಿವ್' ನಂಬಿ ಕೂರಬಾರದು, ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಅಪಾಯ ನಡೆದು 72 ಗಂಟೆ ಕಳೆದಿಲ್ಲವಾದರೆ ಕಾಯಲೇಬಾರದು. ಕೂಡಲೇ ಆಸ್ಪತ್ರೆಗೆ ಹೋದರೆ 28 ದಿನದ ಔಷಧಿಯಿಂದ ಸೋಂಕು ತಗಲದಂತೆ ತಡೆಯುವ ಸಾಧ್ಯತೆ ಇದೆ.

ಗುಟ್ಟಿನ ವಿಷಯಕ್ಕೆ ಕಾನೂನಿನ ಬಲ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಸೋಂಕು ಇದೆ ಅಂತ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸದಿರುವುದು, ಚಿಕಿತ್ಸೆ ಕೊಡದಿರುವುದು, ಬಾಡಿಗೆ ಮನೆ ಬಿಡಿಸುವುದು ಎಲ್ಲವೂ ಕಾನೂನಿಗೆ ವಿರುದ್ಧ. ಹೆಂಡತಿ ಅಥವಾ ಗಂಡನಿಗೆ ತಿಳಿಸುವ ವಿಷಯದಲ್ಲಿ ಕೌನ್ಸೆಲರ್ ನಿಮ್ಮ ಜೊತೆ ಕೂತು ದಾರಿ ಹುಡುಕುತ್ತಾರೆ. ಸಂಗಾತಿಗೆ ಅಪಾಯ ಇದ್ದೂ ನೀವು ಹೇಳಲು ಒಪ್ಪದಿದ್ದರೆ ಮಾತ್ರ, ಕೆಲವು ಷರತ್ತುಗಳ ಮೇಲೆ, ಅವರೇ ತಿಳಿಸಲು ಕಾನೂನಿನಲ್ಲಿ ಅವಕಾಶ ಇದೆ. ಕಾಗದದ ಮೇಲಿನ ಕಾನೂನು ಬೆಂಚಿನ ಮೇಲಿನ ನೋಟವನ್ನು ತಡೆಯುವುದಿಲ್ಲ, ನಿಜ. ಆದರೆ ಬಾಯಿಬಡುಕರ ವಿರುದ್ಧ ನಿಲ್ಲಲು ಒಂದು ನೆಲ ಸಿಕ್ಕಿದೆ. ಯಾರ ಮುಖವನ್ನೂ ನೋಡದೆ ಮೊದಲು ಕೇಳಿ ತಿಳಿಯಬೇಕು ಅನ್ನುವವರು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು. ದುಡ್ಡು ಬೀಳುವುದಿಲ್ಲ.

ಕೊನೆಯದಾಗಿ, ಹೆಚ್ಚಿನವರಿಗೆ ಇನ್ನೂ ತಲುಪದ ಒಂದು ಸಂಗತಿ. ಔಷಧಿ ತಪ್ಪಿಸದೆ ತಗೊಂಡರೆ ಕೆಲವು ತಿಂಗಳಲ್ಲಿ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಯಂತ್ರಕ್ಕೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ನಿಂತವರಿಂದ ಲೈಂಗಿಕ ಸಂಪರ್ಕದಲ್ಲಿ ಸಂಗಾತಿಗೆ ಸೋಂಕು ದಾಟುವುದಿಲ್ಲ. ಯುರೋಪಿನ 14 ದೇಶಗಳಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 888 ಜೋಡಿಗಳನ್ನು ಗಮನಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ್ದರೂ, ಸಂಗಾತಿಯಿಂದ ಸೋಂಕು ಬಂದದ್ದು ಒಬ್ಬರಿಗೂ ಇಲ್ಲ. ಮಗಳ ಮದುವೆಗೆ ಕಾಯುತ್ತಿರುವ ಆ ಅಪ್ಪನಿಗೆ ಯಾರಾದರೂ ಇದನ್ನು ಹೇಳಿದ್ದರೆ ಆತನ ಲೆಕ್ಕ ಬೇರೆ ಆಗುತ್ತಿತ್ತು, ಅಲ್ವಾ? ಆತ ಔಷಧಿ ಹಿಡಿದ ಮೇಲೆ ಹೆಂಡತಿ ಉಳಿಯುತ್ತಾಳೆ, ಮದುವೆಯ ಚಪ್ಪರದಲ್ಲಿ ಆತನೂ ಓಡಾಡಿಕೊಂಡಿರುತ್ತಾನೆ.

ಹೋದ ವರ್ಷ ಮತ್ತೆ ಒಂದು ಪರೀಕ್ಷೆ ಮಾಡಿಸಲು ಹೋಗಿದ್ದೆ. ಬೇರೆ ಆಸ್ಪತ್ರೆ, ಅಂಥದ್ದೇ ಬೆಂಚು. ಪರಿಚಯದವರು ಸಿಗದೆ ಇರುತ್ತಾರಾ? ನಮ್ಮೂರಿನ ಬೋಟಿನವರೊಬ್ಬರು, ವಯಸ್ಸಿನಲ್ಲಿ ಅಣ್ಣನ ಸಮಾನ, ಚೀಟಿ ಹಿಡಿದು ನಿಂತಿದ್ದರು. "ಎಂತ ಇಲ್ಲಿ?" ಅಂದರು. ಈ ಸಲ "ಎಚ್‌ಐವಿ ಟೆಸ್ಟ್ ಮಾಡ್ಸಕ್ಕೆ ಬಂದೆ ಅಣ್ಣ" ಅಂದೆ. ಅವರು ಏನೂ ಹೇಳಲಿಲ್ಲ. ಔಷಧಿ ತಗೊಂಡು ಹೋದರು. ಗೇಟಿನ ಹತ್ತಿರ ನಿಂತರು. ಆಮೇಲೆ ವಾಪಸ್ ಬಂದು, ನನ್ನ ಪಕ್ಕ ಸ್ವಲ್ಪ ಜಾಗ ಬಿಟ್ಟು ಕೂತು, ಎದುರಿನ ಗೋಡೆ ನೋಡುತ್ತಾ ಕೇಳಿದರು: "ಎಷ್ಟು ಹೊತ್ತು ಹಿಡಿತದೆ?"